ಕೂಸಿನ ಹೊಕ್ಕುಳಲ್ಲಿ ರಕ್ತ ನಿಲ್ಲದಿದ್ದಾಗ: ಪ್ಲಾಸ್ಮಾವೋ, ಕ್ರಯೋವೋ, ಫ್ಯಾಕ್ಟರೋ? ಬೆಂಗಳೂರೋ, ವೆಲ್ಲೂರೋ?

ಹೋದ ತಿಂಗಳು ಮಾಲೂರು ಕಡೆಯ ತಂದೆಯೊಬ್ಬರು ಫೋನ್ ಮಾಡಿದ್ದರು. ಹತ್ತೊಂಬತ್ತು ದಿನದ ಗಂಡು ಕೂಸು. ಹೊಕ್ಕುಳಬಳ್ಳಿ ಬಿದ್ದ ಮೇಲೆ ಮೂರು ದಿನ ಬಟ್ಟೆ ನೆನೆಯುವಷ್ಟು ರಕ್ತ ಒಸರಿ, ನಿಂತು, ಮತ್ತೆ ಶುರುವಾಗಿತ್ತು. "ಸಿಸ್ಟರ್, ಒಬ್ಬ ಡಾಕ್ಟರು ಪ್ಲಾಸ್ಮಾ ಸಾಕು ಅಂತಾರೆ, ಇನ್ನೊಬ್ಬರು ಕ್ರಯೋ ಅಂತಾರೆ. ನಮ್ಮ ಭಾವ ಸೀದಾ ವೆಲ್ಲೂರಿಗೆ ಹೋಗಿಬಿಡಿ ಅಂತಾರೆ. ಟೊಮೆಟೊ ಕೀಳೋ ಹೊತ್ತು ಬೇರೆ. ಓಡಾಡೋದಾದರೆ ಒಂದೇ ಸಲ ಓಡಾಡ್ತೀನಿ, ಎಲ್ಲಿಗೆ ಅಂತ ಹೇಳಿ" ಎಂದರು.

ಕೋಲಾರದಲ್ಲಿ ನವಜಾತ ಶಿಶುಗಳ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು ನಾನು. ಇಂಥ ಫೋನು ವರ್ಷಕ್ಕೆ ಒಂದೆರಡು ಬಂದೇ ಬರುತ್ತವೆ. ಪ್ಲಾಸ್ಮಾ, ಕ್ರಯೋ ಎರಡೂ ದಾನಿಯ ರಕ್ತದಿಂದ ಬೇರ್ಪಡಿಸಿದವು. ಫ್ಯಾಕ್ಟರ್ ಎಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ, ನಂಬರಿನಿಂದ ಕರೆಯುವ ಅಂಶ. ಅವುಗಳಲ್ಲಿ ಒಂದು ಹುಟ್ಟಿನಿಂದಲೇ ಇಲ್ಲದಿರುವ ಈ ಕಾಯಿಲೆ ಅಪರೂಪದ್ದು, ನಿಜ. ಫ್ಯಾಕ್ಟರ್ 13ರ ತೀವ್ರ ಕೊರತೆ ಇಪ್ಪತ್ತು ಲಕ್ಷಕ್ಕೊಬ್ಬರಲ್ಲಿ, ಫ್ಯಾಕ್ಟರ್ 7ರದ್ದು ಐದು ಲಕ್ಷಕ್ಕೊಬ್ಬರಲ್ಲಿ ಎಂದು ಪಾಠದಲ್ಲಿ ಓದಿದ್ದೆವು. ಆದರೆ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವ, ಅತ್ತೆ ಮಗನಿಗೆ ಕೊಡುವ ನಮ್ಮ ಸೀಮೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಅಜ್ಜಿ ತಾತನಿಂದ ದೋಷವಿರುವ ಒಂದೊಂದು ಜೀನ್ ಪಡೆದಿರುತ್ತಾರೆ. ಅವರಿಬ್ಬರಿಗೂ ಏನೂ ಆಗಿರುವುದಿಲ್ಲ. ಎರಡೂ ಒಂದೇ ಕೂಸಿಗೆ ಬಂದಾಗ ರಕ್ತ ಹೆಪ್ಪುಗಟ್ಟುವುದಿಲ್ಲ. ಹೀಮೋಫಿಲಿಯಾದಂತೆ ಮುಖ್ಯವಾಗಿ ಗಂಡುಮಕ್ಕಳಿಗೆ ಬರುವ ಕಾಯಿಲೆಯಲ್ಲ ಇದು, ಹೆಣ್ಣುಮಕ್ಕಳಿಗೂ ಅಷ್ಟೇ ಬರುತ್ತದೆ.

ನಮ್ಮ ಮನೆಯಲ್ಲೇ ಬಂತು. ನನ್ನ ತಂಗಿಯನ್ನು ಸೋದರಮಾವನಿಗೇ ಕೊಟ್ಟಿದ್ದು. ಮೊದಲ ಮಗ ಇಪ್ಪತ್ತೆರಡನೆಯ ದಿನ ಹಾಲು ಬಿಟ್ಟ, ನೆತ್ತಿ ಉಬ್ಬಿತು, ಸಂಜೆಯ ಹೊತ್ತಿಗೆ ಹೋಗಿಬಿಟ್ಟ. ಬಾಲಗ್ರಹ ಅಂದರು. ಎರಡನೆಯದು ಹೆಣ್ಣು. ಏಳನೆಯ ದಿನ ಬಳ್ಳಿ ಬಿದ್ದು ಹೊಕ್ಕುಳು ಒಸರತೊಡಗಿತು. ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಪ್ಲಾಸ್ಮಾ ಹಾಕಿದರು, ರಕ್ತ ನಿಂತಿತು, ಎಲ್ಲರೂ ನಿಟ್ಟುಸಿರು ಬಿಟ್ಟೆವು. ಹಾಕುವ ಮೊದಲು ಪರೀಕ್ಷೆಗೆ ರಕ್ತ ತೆಗೆದಿರಲಿಲ್ಲ. ನಾನು ಅಲ್ಲೇ ನಿಂತಿದ್ದೆ, ನನಗೂ ಹೊಳೆಯಲಿಲ್ಲ. ಆಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಬಂತು, ಕಂಡದ್ದು ಹಾಕಿದ ಪ್ಲಾಸ್ಮಾದ ಅಂಶ. ಐದು ವಾರ ಕಳೆದು ಕೂಸಿನ ಬೆನ್ನ ಮೇಲೆ ಅಂಗೈಯಗಲ ನೀಲಿ ಕಲೆ ಎದ್ದಾಗಲೇ ನಾವು ಬಂಗಾರಪೇಟೆಯಲ್ಲಿ ರೈಲು ಹತ್ತಿದ್ದು. ಕೆಳಗೆ ಬರೆದಿರುವುದರಲ್ಲಿ ಬಹುಪಾಲು ಆಮೇಲೆ ಕಲಿತದ್ದು.

ಹೋಲಿಕೆ ಮಾಡುತ್ತ ಕೂರಬಾರದ ಹೊತ್ತು

ಕೂಸು ಹಾಲು ಬಿಟ್ಟರೆ, ಮಂಕಾಗಿ ಮಲಗಿದರೆ, ಕೀರಲು ದನಿಯಲ್ಲಿ ಅತ್ತರೆ, ನೆತ್ತಿ ಉಬ್ಬಿದರೆ, ಫಿಟ್ಸ್ ಬಂದರೆ, ಇದ್ದಕ್ಕಿದ್ದಂತೆ ಬಿಳಿಚಿಕೊಂಡರೆ ತಲೆಯೊಳಗೆ ರಕ್ತಸ್ರಾವವಾಗುತ್ತಿರಬಹುದು. ಆಗ ಎಲ್ಲಿ ಒಳ್ಳೆಯದು ಎಂಬ ಪ್ರಶ್ನೆ ಇಲ್ಲ. 108ಕ್ಕೆ ಫೋನ್ ಮಾಡಿ, ನವಜಾತ ಶಿಶು ಘಟಕವಿರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ಮೆಡಿಕಲ್ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ನೆತ್ತಿಯ ಮೂಲಕ ಸ್ಕ್ಯಾನ್ ಮಾಡಿ ತಲೆಯೊಳಗೆ ನೋಡಬಹುದು, ಕೂಸಿಗೆ ನೋವಾಗುವುದಿಲ್ಲ.

ಇನ್ನೊಂದು ಮಾತು, ಎಲ್ಲಕ್ಕಿಂತ ಅಗ್ಗದ್ದು. ಹುಟ್ಟಿದ ಕೂಡಲೇ ತೊಡೆಗೆ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದಾರೆಯೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಕೊಡದೇ ಇದ್ದರೆ ಯಾವ ವಂಶದ ಕಾಯಿಲೆಯೂ ಇಲ್ಲದ ಕೂಸಿಗೂ ಹೀಗೇ ರಕ್ತಸ್ರಾವವಾಗಬಹುದು, ಆರು ತಿಂಗಳವರೆಗೂ ಆಗಬಹುದು. ಅದಕ್ಕೆ ಮದ್ದು ಆ ಒಂದು ಮಿಲಿಗ್ರಾಮ್ ವಿಟಮಿನ್. ಕೊಟ್ಟ ಮೇಲೂ ರಕ್ತ ನಿಲ್ಲದಿದ್ದರೆ ಮುಂದಕ್ಕೆ ಹುಡುಕಬೇಕು.

ಯಾವ ಅಳತೆಗೋಲಿನಿಂದ ಅಳೆಯುವುದು

ಪ್ಲಾಸ್ಮಾ ಒಳ್ಳೆಯದೋ ಕ್ರಯೋ ಒಳ್ಳೆಯದೋ ಎಂದು ಕೇಳಿದರೆ ಉತ್ತರವಿಲ್ಲ. ನಾನು ಪ್ರತಿಯೊಂದನ್ನೂ ಐದು ಪ್ರಶ್ನೆಗಳಿಗೆ ಹಿಡಿದು ನೋಡುತ್ತೇನೆ. ನಮ್ಮ ಕೂಸಿನಲ್ಲಿ ಇಲ್ಲದ ಅಂಶ ಆ ಚೀಲದಲ್ಲಿ ಇದೆಯೇ? ಹಾಕಿದ್ದು ಮೈಯಲ್ಲಿ ಎಷ್ಟು ದಿನ ಉಳಿಯುತ್ತದೆ? ಮೂರು ಕೆಜಿ ತೂಕದ ದೇಹ ಅಷ್ಟು ನೀರನ್ನು ತಡೆದುಕೊಳ್ಳುತ್ತದೆಯೇ? ಬೇರೆಯವರ ರಕ್ತದಿಂದ ಸೋಂಕು ತಗಲುವ ಭಯ ಎಷ್ಟು? ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಮುಂದಿನ ತಿಂಗಳೂ, ಮುಂದಿನ ಯುಗಾದಿಗೂ, ಮಗು ಶಾಲೆಗೆ ಸೇರಿದ ಮೇಲೂ ಇದನ್ನು ನಾವು ತಪ್ಪದೆ ಮಾಡಿಸಬಲ್ಲೆವೇ? ಬಸ್ ಚಾರ್ಜು, ಒಂದು ದಿನದ ಕೂಲಿ, ಮನೆಯಲ್ಲಿ ಬಿಟ್ಟು ಬರುವ ಹಸು, ಎಲ್ಲವೂ ಈ ಲೆಕ್ಕದೊಳಗೇ ಬರುತ್ತವೆ.

ಮೊದಲ ಆಯ್ಕೆ: ಪರೀಕ್ಷೆಗೆ ರಕ್ತ ಕಳಿಸುವುದೋ, ಕೂಸನ್ನೇ ಒಯ್ಯುವುದೋ

ಯಾವ ದಾರಿ ಹಿಡಿದರೂ ಪ್ಲಾಸ್ಮಾ ಹಾಕುವ ಮೊದಲೇ ಪರೀಕ್ಷೆಗೆ ರಕ್ತ ತೆಗೆದಿಡಬೇಕು. ಚಿಕಿತ್ಸೆ ತಡಮಾಡಿ ಎಂದು ಹೇಳುತ್ತಿಲ್ಲ. ಡ್ರಿಪ್ ಹಾಕಲು ಹೇಗೂ ಸೂಜಿ ಚುಚ್ಚುತ್ತಾರಲ್ಲ, ಅದೇ ಚುಚ್ಚಿನಲ್ಲಿ ನೀಲಿ ಮುಚ್ಚಳದ ಟ್ಯೂಬಿಗೆ ಗೆರೆಯವರೆಗೆ ತುಂಬಿಸಿಕೊಳ್ಳಬಹುದು. ಕೂಸುಗಳಿಗೆಂದೇ ಸಣ್ಣ ಟ್ಯೂಬುಗಳಿವೆ. ಗೆರೆಗಿಂತ ಕಡಿಮೆಯಾದರೆ ಫಲಿತಾಂಶ ಕೆಡುತ್ತದೆ. ಹಿಮ್ಮಡಿ ಚುಚ್ಚಿ ಹಿಂಡಿದ ರಕ್ತ ಇದಕ್ಕೆ ಬರುವುದಿಲ್ಲ. "ಡಾಕ್ಟರೇ, ಪ್ಲಾಸ್ಮಾಗೆ ಮುಂಚೆ ಕೋಯಾಗುಲೇಷನ್ (ಹೆಪ್ಪುಗಟ್ಟುವ) ಪರೀಕ್ಷೆಗೆ ರಕ್ತ ತೆಗೆದುಕೊಂಡಿರಾ?" ಎಂದು ಒಮ್ಮೆ ಕೇಳಿ. ನಾನು ಕೇಳದೇ ಉಳಿದಿದ್ದ ಪ್ರಶ್ನೆ ಅದು.

ರಕ್ತವನ್ನಷ್ಟೇ ಬೆಂಗಳೂರಿಗೆ ಕಳಿಸುವುದು ಅಗ್ಗ, ಕೂಸಿಗೆ ಪ್ರಯಾಣದ ಕಷ್ಟವಿಲ್ಲ. ಆದರೆ ತೆಗೆದ ನಾಲ್ಕು ಗಂಟೆಯೊಳಗೆ ಅದು ಲ್ಯಾಬಿನ ಯಂತ್ರದಲ್ಲಿ ತಿರುಗಬೇಕು. ಕೋಲಾರದಿಂದ ಬೆಂಗಳೂರು 70 ಕಿಲೋಮೀಟರ್ ಆಸುಪಾಸು, ಹೊಸಕೋಟೆ ದಾಟಿ ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಆ ನಾಲ್ಕು ಗಂಟೆ ಕರಗಿಹೋಗುತ್ತದೆ. ಐಸ್ ಡಬ್ಬಿಯಲ್ಲಿಟ್ಟು ಒಯ್ದರೆ ಕೆಡುವುದಿಲ್ಲ ಎಂದುಕೊಳ್ಳುವವರಿದ್ದಾರೆ, ಅದು ತಪ್ಪು. ಬೇರ್ಪಡಿಸದ ರಕ್ತವನ್ನು ತಣ್ಣಗಿಟ್ಟರೆ ಕೆಲವು ಅಂಶಗಳ ಲೆಕ್ಕವೇ ಬದಲಾಗುತ್ತದೆ. ಕೋಣೆಯ ಬಿಸಿಯಲ್ಲೇ ಒಯ್ಯಬೇಕು, ಇಲ್ಲವೇ ಇಲ್ಲೇ ಪ್ಲಾಸ್ಮಾ ಬೇರ್ಪಡಿಸಿ ಮಂಜುಗಡ್ಡೆಯಂತೆ ಗಟ್ಟಿಯಾಗಿಸಿ ಕಳಿಸಬೇಕು. ಹಾಗಾಗಿ ಕೂಸು ಗಟ್ಟಿಯಾಗಿದ್ದು ರಕ್ತ ನಿಂತಿದ್ದರೆ, ಒಂದು ಸಲ ಕೂಸನ್ನೇ ದೊಡ್ಡ ಲ್ಯಾಬಿರುವ ಆಸ್ಪತ್ರೆಗೆ ಒಯ್ಯುವುದು ಮೇಲು. ಇನ್ನೂ ಒಸರುತ್ತಿರುವ, ಡ್ರಿಪ್‌ನಲ್ಲಿರುವ ಕೂಸಾದರೆ ರಕ್ತ ಕಳಿಸಿ.

ಆಗಲೇ ಪ್ಲಾಸ್ಮಾ ಹಾಕಿಬಿಟ್ಟಿದ್ದರೆ? ದಾರಿ ಇದೆ. ತಂದೆ ತಾಯಿಯ ರಕ್ತ ಪರೀಕ್ಷೆ ಮಾಡಿಸಬಹುದು. ವಾಹಕರಾದರೆ, ಅಂದರೆ ದೋಷದ ಜೀನ್ ಒಂದೊಂದೇ ಇದ್ದವರಾದರೆ, ಇಬ್ಬರಲ್ಲೂ ಆ ಅಂಶ ಸಾಮಾನ್ಯವಾಗಿ ಅರ್ಧದ ಆಸುಪಾಸು ಇರುತ್ತದೆ. ನಮ್ಮ ಮನೆಯ ಗಂಟು ಬಿಚ್ಚಿದ್ದು ಹಾಗೆಯೇ. ಜೀನ್ ಪರೀಕ್ಷೆಯನ್ನೂ ಪ್ಲಾಸ್ಮಾ ಕೆಡಿಸುವುದಿಲ್ಲ.

ವರದಿ ಕೈಗೆ ಬಂದಾಗ ಗಾಬರಿ ಬೀಳದಿರಲು ಇಷ್ಟು ತಿಳಿದಿರಲಿ. ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಎರಡು ಪರೀಕ್ಷೆಗಳು ಪಿಟಿ ಮತ್ತು ಎಪಿಟಿಟಿ. ಪಿಟಿ ಒಂದೇ ಹೆಚ್ಚಾಗಿದ್ದರೆ ಫ್ಯಾಕ್ಟರ್ 7ರ ಕಡೆ ಬೆರಳು ತೋರುತ್ತದೆ. ಎಪಿಟಿಟಿ ಒಂದೇ ಹೆಚ್ಚಾಗಿದ್ದರೆ 8, 9, 11. ಎರಡೂ ಹೆಚ್ಚಾಗಿದ್ದರೆ 10, 5, 2 ಅಥವಾ ಫೈಬ್ರಿನೋಜನ್ (ಹೆಪ್ಪಿನ ಎಳೆಯಾಗುವ ಅಂಶ), ಇಲ್ಲವೇ ವಿಟಮಿನ್ ಕೆ ಕೊರತೆ, ಲಿವರ್ ತೊಂದರೆ, ರಕ್ತಕ್ಕೆ ಸೋಂಕು. ಪಿಟಿ, ಎಪಿಟಿಟಿ, ಪ್ಲೇಟ್‌ಲೆಟ್ ಎಣಿಕೆ ಎಲ್ಲವೂ ಸರಿಯಾಗಿದ್ದೂ ಕೂಸು ರಕ್ತ ಸುರಿಸುತ್ತಿದ್ದರೆ, ಅಲ್ಲಿಯೇ ಜನ ಮೋಸ ಹೋಗುವುದು. ಫ್ಯಾಕ್ಟರ್ 13 ಈ ಎರಡು ಪರೀಕ್ಷೆಗೂ ಸಿಗುವುದಿಲ್ಲ. ಅದು ಹೆಪ್ಪು ಕಟ್ಟಿಸುವ ಅಂಶವಲ್ಲ, ಕಟ್ಟಿದ ಹೆಪ್ಪನ್ನು ಬಿಗಿಯುವ ಅಂಶ. ಗೋಡೆ ಏಳುತ್ತದೆ, ಗಾರೆ ಇರುವುದಿಲ್ಲ. ಅದಕ್ಕೇ ರಕ್ತ ಮೊದಲು ನಿಂತು, ಒಂದು ದಿನ ಬಿಟ್ಟು ಮತ್ತೆ ಹರಿಯುತ್ತದೆ. ಇದನ್ನು ಹಿಡಿಯಲು ಹೆಪ್ಪನ್ನು ಯೂರಿಯಾ ದ್ರಾವಣದಲ್ಲಿಟ್ಟು ಕರಗುತ್ತದೆಯೇ ನೋಡುವ ಬೇರೆಯದೇ ಪರೀಕ್ಷೆ ಇದೆ, ಅಥವಾ ಫ್ಯಾಕ್ಟರ್ 13 ಅಳೆಯಬೇಕು. ಎಣಿಕೆ ಸರಿಯಿದ್ದೂ ಪ್ಲೇಟ್‌ಲೆಟ್ ಕೆಲಸ ಮಾಡದ ಗ್ಲಾನ್ಸ್‌ಮನ್ ಕಾಯಿಲೆಯೂ ಈ ಗುಂಪಿನಲ್ಲೇ ಬರುತ್ತದೆ. ಹೊಕ್ಕುಳಿನಿಂದ ರಕ್ತ ಹರಿದಿದ್ದರೆ ಮೊದಲು ಅನುಮಾನಿಸಬೇಕಾದವು ಎರಡು: ಫ್ಯಾಕ್ಟರ್ 13 ಮತ್ತು ಫೈಬ್ರಿನೋಜನ್ ಪೂರ್ತಿ ಇಲ್ಲದಿರುವುದು.

ಹುಟ್ಟಿದ ಕೂಸಿನಲ್ಲಿ 7, 9, 10ರಂಥ ಅಂಶಗಳು ಸಹಜವಾಗಿಯೇ ಕಡಿಮೆ, ದೊಡ್ಡವರ ಮಟ್ಟಕ್ಕೆ ಏರಲು ಆರು ತಿಂಗಳಾದರೂ ಬೇಕು. ವರದಿಯಲ್ಲಿ ಕೆಂಪಕ್ಷರದಲ್ಲಿ 'ಕಡಿಮೆ' ಎಂದಿದ್ದ ಮಾತ್ರಕ್ಕೆ ಕಾಯಿಲೆ ಎಂದುಕೊಳ್ಳಬೇಡಿ. ನವಜಾತ ಶಿಶುವಿನ ಮಟ್ಟಕ್ಕೆ ಹೋಲಿಸಿದ್ದೀರಾ ಎಂದು ಕೇಳಿ. ಸ್ವಲ್ಪವೇ ಕಡಿಮೆ ಇದ್ದರೆ ಆರು ತಿಂಗಳಿಗೆ ಮತ್ತೊಮ್ಮೆ ನೋಡುತ್ತಾರೆ.

ಎರಡನೆಯ ಆಯ್ಕೆ: ಯಾವ ಚೀಲ

ಪ್ಲಾಸ್ಮಾ ಎಂದರೆ ತಾಜಾ ಇರುವಾಗಲೇ ಮಂಜುಗಡ್ಡೆಯಂತೆ ಗಟ್ಟಿಯಾಗಿಸಿದ ರಕ್ತದ್ರವ. ಎಲ್ಲ ಅಂಶಗಳೂ ಸ್ವಲ್ಪ ಸ್ವಲ್ಪ ಇರುತ್ತವೆ. ಕಾಯಿಲೆಯ ಹೆಸರು ತಿಳಿಯದ ರಾತ್ರಿ ಇದೇ ಸರಿ, ಬೇರೆ ಯೋಚನೆ ಬೇಡ. ಸಾಮಾನ್ಯವಾಗಿ ಕೆಜಿಗೆ 10ರಿಂದ 15 ಮಿಲಿ. ಮೂರು ಕೆಜಿ ಕೂಸಿಗೆ 45 ಮಿಲಿವರೆಗೆ ಆಯಿತು, ಅಷ್ಟು ಚಿಕ್ಕ ಹೃದಯಕ್ಕೆ ಅದು ಸಣ್ಣ ಭಾರವಲ್ಲ. ಒಂದು ಸಲಕ್ಕೆ ಪರವಾಗಿಲ್ಲ, ದಿನಕ್ಕೆ ಮೂರು ನಾಲ್ಕು ಸಲ ಎಂದರೆ ಉಸಿರು ಕಟ್ಟುತ್ತದೆ. ಇದರಲ್ಲಿ ಯಾವ ಒಂದು ಅಂಶವೂ ತುಂಬ ಎತ್ತರಕ್ಕೆ ಏರುವುದಿಲ್ಲ.

ಕ್ರಯೋ ಎಂದರೆ ಪ್ಲಾಸ್ಮಾವನ್ನು ನಿಧಾನವಾಗಿ ಕರಗಿಸಿದಾಗ ತಳದಲ್ಲಿ ನಿಲ್ಲುವ ಗಟ್ಟಿ. ಒಂದು ಚೀಲ 10ರಿಂದ 20 ಮಿಲಿ, ಅಷ್ಟರಲ್ಲೇ ಫೈಬ್ರಿನೋಜನ್, ಫ್ಯಾಕ್ಟರ್ 8, ಫ್ಯಾಕ್ಟರ್ 13, ವಾನ್ ವಿಲ್ಲೆಬ್ರಾಂಡ್ ಅಂಶ ತುಂಬಿರುತ್ತವೆ. ನೀರು ಕಡಿಮೆ, ಬೇಕಾದದ್ದು ಹೆಚ್ಚು. ಬೆಲೆ ಚೀಲಕ್ಕೆ ಕೆಲವು ನೂರು ರೂಪಾಯಿ. ಆದರೆ 7, 10, 5, 2ರ ಕೊರತೆಗೆ ಕ್ರಯೋ ಹಾಕಿದರೆ ಏನೂ ಉಪಯೋಗವಿಲ್ಲ. ಅಂಶಗಳನ್ನು ಬೇರ್ಪಡಿಸುವ ಘಟಕವಿರುವ ಬ್ಲಡ್ ಬ್ಯಾಂಕಿನಲ್ಲಿ ಮಾತ್ರ ಸಿಗುತ್ತದೆ, ತಾಲ್ಲೂಕು ಆಸ್ಪತ್ರೆಯ ರಕ್ತ ಸಂಗ್ರಹ ಕೇಂದ್ರದಲ್ಲಿ ಕೇಳಿ ಕಾಲ ಕಳೆಯಬೇಡಿ. ಕರಗಿಸಿದ ಮೇಲೆ ಕೆಲವೇ ಗಂಟೆಯೊಳಗೆ ಹಾಕಿಬಿಡಬೇಕಾದ್ದರಿಂದ ಎರಡು ಮೂರು ದಿನ ಮೊದಲೇ ಫೋನ್ ಮಾಡಿ ಹೇಳಿಟ್ಟು ಹೋಗಿ.

ಫ್ಯಾಕ್ಟರ್ ಕಾನ್ಸಂಟ್ರೇಟ್ ಪುಡಿಯ ರೂಪದಲ್ಲಿ ಸೀಸೆಯಲ್ಲಿ ಬರುತ್ತದೆ. ಕೆಲವೇ ಮಿಲಿ. ವೈರಸ್ ಸಾಯಿಸುವ ಸಂಸ್ಕರಣೆ ಆಗಿರುತ್ತದೆ, ಪ್ಲಾಸ್ಮಾ ಕ್ರಯೋಗಳಿಗೆ ಸಾಮಾನ್ಯವಾಗಿ ಆಗಿರುವುದಿಲ್ಲ. ದಾನಿಯ ರಕ್ತವನ್ನು ಪರೀಕ್ಷಿಸಿಯೇ ಕೊಡುತ್ತಾರೆ, ಆದರೂ ಅಳುಕು ಪೂರ್ತಿ ಹೋಗುವುದಿಲ್ಲ. ಸುರಕ್ಷೆಯೊಂದನ್ನೇ ನೋಡಿದರೆ ಮೊದಲ ಸ್ಥಾನ ಇದಕ್ಕೇ. ತೊಡಕು ಬೆಲೆಯಲ್ಲಿ, ಸಿಗುವುದರಲ್ಲಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಮನೆಗಳನ್ನು ಅಲೆದಾಡಿಸಿದೆ. "ಜಿಲ್ಲಾ ಆಸ್ಪತ್ರೆಯಲ್ಲಿ ಫ್ಯಾಕ್ಟರ್ ಫ್ರೀ" ಎನ್ನುವುದು ಹೀಮೋಫಿಲಿಯಾದ ಮಾತು, ಅಂದರೆ ಮುಖ್ಯವಾಗಿ 8 ಮತ್ತು 9. ಹದಿಮೂರು ಇಲ್ಲದ ಕೂಸಿಗೆ ಎಂಟನ್ನು ಕೊಟ್ಟು ಪ್ರಯೋಜನವಿಲ್ಲ. ಫ್ಯಾಕ್ಟರ್ ಎಂದು ಕೇಳಬೇಡಿ, ಯಾವ ನಂಬರಿನದು ಎಂದು ಕೇಳಿ.

ಇನ್ನು ಕಾಯಿಲೆಗೆ ತಕ್ಕ ಆಯ್ಕೆ.

ಫ್ಯಾಕ್ಟರ್ 13ರ ಕೊರತೆಯಾದರೆ, ಇಷ್ಟು ಕೆಟ್ಟ ಕಾಯಿಲೆಯಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಹಾಕಿದ ಅಂಶ ಅರ್ಧಕ್ಕಿಳಿಯಲು 9ರಿಂದ 14 ದಿನ ಬೇಕು, ಮತ್ತು ಸ್ವಲ್ಪವೇ ಇದ್ದರೂ ದೊಡ್ಡ ರಕ್ತಸ್ರಾವಗಳನ್ನು ತಡೆಯುತ್ತದೆ. ಆದ್ದರಿಂದ ನಾಲ್ಕು ವಾರಕ್ಕೊಮ್ಮೆ ಸಾಕು. ಕಾನ್ಸಂಟ್ರೇಟ್ ಆದರೂ ಕೂಸಿನ ತೂಕಕ್ಕೆ ಒಂದು ಚಿಕ್ಕ ಸೀಸೆ ಮುಗಿಯುವುದಿಲ್ಲ. ಆದರೆ ಮಗು ಬೆಳೆದಂತೆ ಸೀಸೆಗಳೂ ಹೆಚ್ಚುತ್ತವೆ. ಮೊದಲ ವರ್ಷದ ಖರ್ಚು ನೋಡಿ ಹತ್ತನೆಯ ವರ್ಷದ ಲೆಕ್ಕ ಹಾಕಬೇಡಿ. ನಮ್ಮ ಹುಡುಗಿಗೆ ಕ್ರಯೋದಲ್ಲೇ ನಡೆಸಿಕೊಂಡು ಬಂದಿದ್ದೇವೆ. ಕ್ರಯೋ ಸಿಗದ ತಿಂಗಳು ಪ್ಲಾಸ್ಮಾ ಹಾಕಿಸಿದ್ದೂ ಉಂಟು, ಅದೂ ಕೆಲಸ ಮಾಡುತ್ತದೆ. ಕೈಯಲ್ಲಿ ಹಣವಿದ್ದು ಸರಬರಾಜು ಖಚಿತವಿದ್ದರೆ ಕಾನ್ಸಂಟ್ರೇಟ್ ತೆಗೆದುಕೊಳ್ಳಿ. ಎರಡು ತಿಂಗಳು ಕಾನ್ಸಂಟ್ರೇಟ್ ಹಾಕಿಸಿ ಮೂರನೆಯ ತಿಂಗಳು ಏನೂ ಇಲ್ಲದೆ ಉಳಿಯುವುದಾದರೆ, ಮೊದಲಿನಿಂದಲೇ ಕ್ರಯೋ ಹಿಡಿದವರು ಗೆದ್ದರು.

ಫೈಬ್ರಿನೋಜನ್ ಇಲ್ಲದಿದ್ದರೂ ಕ್ರಯೋ ಕೈ ಹಿಡಿಯುತ್ತದೆ, ಆದರೆ ಎರಡರಿಂದ ನಾಲ್ಕು ದಿನದಲ್ಲೇ ಅರ್ಧಕ್ಕಿಳಿಯುತ್ತದೆ. ಫೈಬ್ರಿನೋಜನ್ ಕಾನ್ಸಂಟ್ರೇಟ್ ಸಿಕ್ಕರೆ ಇಲ್ಲಿ ಅದರ ಬೆಲೆಗೆ ಅರ್ಥವಿದೆ.

ಫ್ಯಾಕ್ಟರ್ 7 ಕಷ್ಟದ್ದು. ನಾಲ್ಕರಿಂದ ಆರು ಗಂಟೆಯಲ್ಲೇ ಅರ್ಧ ಹೋಗಿಬಿಡುತ್ತದೆ. ಪ್ಲಾಸ್ಮಾದಿಂದ ಬೇಕಾದ ಮಟ್ಟ ಎಟುಕುವಷ್ಟರಲ್ಲಿ ಕೂಸಿನ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ. ತಲೆಯೊಳಗೆ ರಕ್ತಸ್ರಾವವಿದ್ದರೆ ರಿಕಾಂಬಿನೆಂಟ್ 7ಎ, ಅಂದರೆ ರಕ್ತದಿಂದಲ್ಲದೆ ಲ್ಯಾಬಿನಲ್ಲಿ ತಯಾರಿಸಿದ ಫ್ಯಾಕ್ಟರ್ 7, ಬೇಕು. ದುಬಾರಿ, ಅದರಲ್ಲೂ ಒಂದು ಮಿಲಿಗ್ರಾಮಿನ ಸೀಸೆಯಲ್ಲಿ ಮೂರು ಕೆಜಿ ಕೂಸಿಗೆ ಒಂದು ಸಲಕ್ಕೆ ಬೇಕಾಗುವುದು ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದನ್ನು ಏನು ಮಾಡುತ್ತೀರಿ, ಎಷ್ಟು ಹೊತ್ತು ಇಡಬಹುದು ಎಂದು ವಾರ್ಡಿನಲ್ಲಿ ಮೊದಲೇ ಮಾತಾಡಿಕೊಳ್ಳಬೇಕು. ಇಂಥ ಕೂಸು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿರಲಿ, ಜಿಲ್ಲೆಯಲ್ಲೇ ನಿಭಾಯಿಸುತ್ತೇವೆ ಎಂಬ ಹಟ ಬೇಡ.

10 ಮತ್ತು 2ರ ಕೊರತೆಗೆ ಪ್ಲಾಸ್ಮಾ, ಇಲ್ಲವೇ ಪಿಸಿಸಿ ಎಂಬ ಸೀಸೆ. ಪಿಸಿಸಿಯಲ್ಲಿ 2, 9, 10 ಇರುತ್ತವೆ, 7 ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಕೂಸಿನ ರಕ್ತನಾಳದಲ್ಲಿ ಬೇಡದ ಕಡೆ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಅನುಭವಿಗಳೇ ಹಾಕಬೇಕು. ಫ್ಯಾಕ್ಟರ್ 5ಕ್ಕೆ ಪ್ರತ್ಯೇಕ ಸೀಸೆಯೇ ಇಲ್ಲ, ಪ್ಲಾಸ್ಮಾವೇ ಮುಖ್ಯ ದಾರಿ. ಗ್ಲಾನ್ಸ್‌ಮನ್‌ಗೆ ಪ್ಲೇಟ್‌ಲೆಟ್, ಆದರೆ ಸಣ್ಣಪುಟ್ಟದಕ್ಕೆಲ್ಲ ಹಾಕಿದರೆ ದೇಹ ಅದರ ವಿರುದ್ಧ ತಿರುಗಿಬಿದ್ದು ನಿಜವಾಗಿ ಬೇಕಾದಾಗ ಕೆಲಸ ಮಾಡದಂತಾಗಬಹುದು.

ಮೂರನೆಯ ಆಯ್ಕೆ: ತಿಂಗಳಿಗೊಮ್ಮೆಯೋ, ರಕ್ತ ಬಂದಾಗ ಮಾತ್ರವೋ

ಇಲ್ಲಿ ಹಣವಿಲ್ಲದ ಮನೆಯವರು ಎರಡನೆಯದನ್ನು ಆರಿಸಿಕೊಳ್ಳುತ್ತಾರೆ, ಅವರ ಸಂಕಟ ನನಗೆ ಗೊತ್ತು. "ಮಗು ಚೆನ್ನಾಗಿ ಆಡ್ಕೊಂಡಿದೆ, ಸುಮ್ಮನೆ ಯಾಕೆ ಸೂಜಿ?" ಎಂದು ನನ್ನ ತಂಗಿಯೇ ಕೇಳಿದ್ದಳು. ಫ್ಯಾಕ್ಟರ್ 13 ತೀರಾ ಇಲ್ಲದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ತಲೆಯೊಳಗೆ ರಕ್ತಸ್ರಾವವಾಗುತ್ತದೆ, ಬಿದ್ದು ಏಟಾಗಿರಬೇಕೆಂದೇನಿಲ್ಲ. ಅದು ಬರುವವರೆಗೆ ಕಾದು ಆಮೇಲೆ ಚಿಕಿತ್ಸೆ ಕೊಡಿಸುವುದು ಆಯ್ಕೆಯೇ ಅಲ್ಲ. ಅವಳ ಮೊದಲ ಮಗ ಹೋದದ್ದು ಹಾಗೆ. ಫ್ಯಾಕ್ಟರ್ 13ರಲ್ಲಿ ಕಾಯಿಲೆ ತಿಳಿದ ದಿನದಿಂದಲೇ ತಿಂಗಳ ಲೆಕ್ಕ ಶುರುಮಾಡಿ. ತೀವ್ರ ಫ್ಯಾಕ್ಟರ್ 10 ಕೊರತೆಯಲ್ಲೂ, ಒಮ್ಮೆ ತಲೆಯೊಳಗೆ ರಕ್ತಸ್ರಾವವಾಗಿದ್ದ ಫ್ಯಾಕ್ಟರ್ 7ರ ಮಕ್ಕಳಲ್ಲೂ ಮುಂಜಾಗ್ರತೆಯಾಗಿ ಕೊಡುವುದನ್ನು ಡಾಕ್ಟರು ಹೇಳುತ್ತಾರೆ. ಫೈಬ್ರಿನೋಜನ್ ವಿಷಯದಲ್ಲಿ ತೂಗಿ ನೋಡಬೇಕು, ಏಕೆಂದರೆ ಕೆಲವರಲ್ಲಿ ರಕ್ತನಾಳದಲ್ಲಿ ಬೇಡದ ಕಡೆ ಹೆಪ್ಪುಗಟ್ಟುವ ತೊಂದರೆಯೂ ಬರುತ್ತದೆ. ಗ್ಲಾನ್ಸ್‌ಮನ್ ಮತ್ತು 11ರಲ್ಲಿ ಸಾಮಾನ್ಯವಾಗಿ ರಕ್ತ ಬಂದಾಗ, ಆಪರೇಷನ್ ಇದ್ದಾಗ ಮಾತ್ರ.

ನಾಲ್ಕನೆಯ ಆಯ್ಕೆ: ಎಲ್ಲಿ

ವೆಲ್ಲೂರಿನ ಸಿಎಂಸಿಯಲ್ಲಿ ರಕ್ತದ ಕಾಯಿಲೆಗಳ ಪ್ರತ್ಯೇಕ ವಿಭಾಗವಿದೆ, ಅಪರೂಪದ ಅಂಶಗಳನ್ನೂ ಜೀನನ್ನೂ ಅಲ್ಲೇ ನೋಡುತ್ತಾರೆ. ಕೆಜಿಎಫ್, ಬಂಗಾರಪೇಟೆಯವರಿಗೆ ಬಂಗಾರಪೇಟೆಯಿಂದ ವೆಲ್ಲೂರಿನ ಪಕ್ಕದ ಕಾಟ್ಪಾಡಿಗೆ ನೇರ ರೈಲುಗಳಿವೆ, ಮುಳಬಾಗಿಲಿನವರಿಗೆ ಚಿತ್ತೂರಿನ ಮೇಲೆ ರಸ್ತೆಯೂ ದೂರವಲ್ಲ. ಮನೆಯಲ್ಲಿ ತೆಲುಗು ಮಾತಾಡುವವರು ಅಲ್ಲಿ ಭಾಷೆಯ ಕಷ್ಟವಿಲ್ಲದೆ ದಾಟುತ್ತಾರೆ. ತೊಡಕೆಂದರೆ ಉಳಿದುಕೊಳ್ಳುವ ಖರ್ಚು, ಮತ್ತು ನಮ್ಮ ಆರೋಗ್ಯ ಕರ್ನಾಟಕ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಕೇಳಿಕೊಳ್ಳಬೇಕಾದ ಕೆಲಸ. ಬಾಣಂತಿ ಜೊತೆಗಿದ್ದರೆ ನಾಲ್ಕು ದಿನದ ಲಾಡ್ಜು ಸುಲಭವಲ್ಲ.

ಮಾಲೂರು, ಕೋಲಾರ, ಚಿಂತಾಮಣಿಯವರಿಗೆ ಬೆಂಗಳೂರು ಒಂದೇ ದಿನದ ಕೆಲಸ. ಸೇಂಟ್ ಜಾನ್ಸ್‌ ಆಸ್ಪತ್ರೆಯಲ್ಲಿ ಹೆಮಟಾಲಜಿ (ರಕ್ತದ ಕಾಯಿಲೆಗಳ) ವಿಭಾಗ ಇದೆ. ಮಕ್ಕಳ ತೀವ್ರ ಚಿಕಿತ್ಸೆಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಜೀನ್ ವಿಚಾರಕ್ಕೆ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಎಲ್ಲವೂ ಒಂದೇ ಕಟ್ಟಡದಲ್ಲಿಲ್ಲ, ಓಡಾಟ ಹೆಚ್ಚು.

ನನ್ನ ಅಭಿಪ್ರಾಯ ಇದು: ಕಾಯಿಲೆಯ ಹೆಸರು ತಿಳಿಯಲು ಒಮ್ಮೆ ದೂರ ಹೋಗಿ, ತಿಂಗಳ ಚಿಕಿತ್ಸೆಯನ್ನು ಮನೆಗೆ ಹತ್ತಿರ ತಂದುಕೊಳ್ಳಿ. ವೆಲ್ಲೂರಿನಲ್ಲೇ ಪ್ರತಿ ತಿಂಗಳೂ ಮಾಡಿಸುತ್ತೇವೆ ಎಂದು ಹೊರಟವರು ಮೂರನೆಯ ತಿಂಗಳಿಗೆ ತಪ್ಪಿಸಿದ್ದನ್ನು ನೋಡಿದ್ದೇನೆ. ಅಲ್ಲಿನ ಡಾಕ್ಟರಿಂದ ಪತ್ರ ಬರೆಸಿಕೊಳ್ಳಿ: ಕಾಯಿಲೆಯ ಹೆಸರು, ಏನು ಹಾಕಬೇಕು, ಕೆಜಿಗೆ ಎಷ್ಟು, ಎಷ್ಟು ದಿನಕ್ಕೊಮ್ಮೆ, ಏನು ಕೊಡಬಾರದು. ಆ ಪತ್ರವಿದ್ದರೆ ಕೋಲಾರದಲ್ಲಿ ಬೆಳಿಗ್ಗೆ ಹೋಗಿ ಕ್ರಯೋ ಹಾಕಿಸಿಕೊಂಡು ಮಧ್ಯಾಹ್ನದ ಬಸ್ಸಿಗೆ ಮನೆ ಸೇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಕೂಸಿಗೆ ಔಷಧ, ರಕ್ತ, ಓಡಾಟದ ವಾಹನ ಉಚಿತವಾಗಿ ಕೊಡುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ, ಅರ್ಧ ಕೆಲಸ ಹಗುರಾಗುತ್ತದೆ.

ಮನೆಯಲ್ಲಿ

ಅಜ್ಜಿಯರಿಗೆ ಬೇಸರವಾಗದ ಹಾಗೆ ಹೇಳಬೇಕಾದ ಮಾತುಗಳಿವು. ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಎರೆಯುವುದು ಬೇಡವೆನ್ನುವುದಿಲ್ಲ, ಆದರೆ ತಲೆ ಒತ್ತಿ ದುಂಡಗೆ ಮಾಡುವುದು, ಮೂಗು ತಿದ್ದುವುದು, ಕೈಕಾಲು ಎಳೆದು ನೀವುವುದು ಬೇಡ. ಕಿವಿ ಚುಚ್ಚುವುದನ್ನು, ಮುಂಜಿಯನ್ನು (ಸುನ್ನತಿ) ಹೆಮಟಾಲಜಿ ಡಾಕ್ಟರು ಒಪ್ಪಿ, ಬೇಕಾದ ಅಂಶ ಹಾಕಿದ ಮೇಲೆಯೇ ಮಾಡಿಸಿ. ಹೊಕ್ಕುಳಿಗೆ ಅರಿಶಿನ, ಬೂದಿ, ಎಣ್ಣೆ ಯಾವುದೂ ಬೇಡ. ಲಸಿಕೆ ತಪ್ಪಿಸಲೇಬೇಡಿ, ಹೆಪಟೈಟಿಸ್ ಬಿ ಅಂತೂ ಇಂಥ ಮಕ್ಕಳಿಗೆ ಬೇರೆಯವರಿಗಿಂತ ಹೆಚ್ಚು ಬೇಕು. ತೆಳುವಾದ ಸೂಜಿ ಬಳಸಿ, ಚುಚ್ಚಿದ ಜಾಗವನ್ನು ಉಜ್ಜದೆ ಐದರಿಂದ ಹತ್ತು ನಿಮಿಷ ಒತ್ತಿ ಹಿಡಿದರೆ ಆಯಿತು. ತಿಂಗಳ ಕ್ರಯೋ ಆದ ಮರುದಿನಕ್ಕೆ ಲಸಿಕೆ ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಮೆಫೆನಮಿಕ್, ಆಸ್ಪಿರಿನ್ ಇರುವ ಸಿರಪ್ಪು ಅಂಗಡಿಯವರು ಕೊಟ್ಟರೂ ತರಬೇಡಿ.

ಮುಂದಿನ ಬಸಿರು

ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮತ್ತೆ ಬರುವ ಸಾಧ್ಯತೆ ಇದೆ, ಒಮ್ಮೆ ಬಂದಿತೆಂದು ಕಡಿಮೆಯಾಗುವುದಿಲ್ಲ. ಮನೆಯ ಜೀನ್ ದೋಷ ಮೊದಲೇ ಗೊತ್ತಿದ್ದರೆ 11ರಿಂದ 13ನೆಯ ವಾರದಲ್ಲಿ ಗರ್ಭದಲ್ಲೇ ಪರೀಕ್ಷಿಸಬಹುದು. ಇಂಥ ಕಾಯಿಲೆ ಪತ್ತೆಗೆ ನೋಂದಾಯಿತ ಕೇಂದ್ರದಲ್ಲಿ ಕಾನೂನು ಅವಕಾಶ ಕೊಡುತ್ತದೆ. ಪರೀಕ್ಷೆ ಬೇಡವೆನ್ನುವವರು ಹೆರಿಗೆಯನ್ನಾದರೂ ತಾಲ್ಲೂಕಿನಲ್ಲಿ ಇಟ್ಟುಕೊಳ್ಳದೆ, ಕ್ರಯೋ ಸಿದ್ಧವಿರುವ ದೊಡ್ಡ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಿ. ವ್ಯಾಕ್ಯೂಮ್, ಫೋರ್ಸೆಪ್ಸ್ ಬೇಡವೆಂದು ಚೀಟಿಯಲ್ಲೇ ಬರೆಸಿ. ಪರೀಕ್ಷೆಗೆ ರಕ್ತವನ್ನು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯಿಂದಲೇ ತೆಗೆಯಬಹುದು, ಕೂಸಿಗೆ ಚುಚ್ಚುವ ಕೆಲಸವೇ ಇಲ್ಲ.

ಮಾಲೂರಿನ ಆ ತಂದೆಗೆ ಬೆಂಗಳೂರು ಎಂದೆ, ಬೆಳಗಿನ ರೈಲಿಗೆ. ಜಿಲ್ಲೆಯಲ್ಲಿ ಪ್ಲಾಸ್ಮಾ ಹಾಕುವ ಮೊದಲೇ ಅವರು ರಕ್ತ ತೆಗೆಸಿದ್ದರು. ಫ್ಯಾಕ್ಟರ್ 13ರ ಕೊರತೆ ಎಂದು ಬಂತು. ಮೊನ್ನೆ ಗುರುವಾರ ಮೊದಲ ಕ್ರಯೋ ಕೋಲಾರದಲ್ಲೇ ಆಯಿತು. ಮುಂದಿನ ಹನ್ನೆರಡು ತಾರೀಖುಗಳನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದರ ಫೋಟೋ ಕಳಿಸಿದ್ದಾರೆ. ಒಂದು ತಾರೀಖು ದೀಪಾವಳಿಯ ದಿನವೇ ಬಿದ್ದಿದೆ, ಅದನ್ನು ಮೂರು ದಿನ ಮುಂಚೆಯೇ ಹಾಕಿಸಿಕೊಳ್ಳಿ, ಹಬ್ಬದ ದಿನ ಬ್ಲಡ್ ಬ್ಯಾಂಕಿನಲ್ಲಿ ಜನ ಕಡಿಮೆ ಇರುತ್ತಾರೆ ಎಂದು ಬರೆದೆ.